ಪಂಕ್ತಿಯಲ್ಲಿ ಸ್ಥಳ

(ಶ್ರೀಮಠದ ಮಹೋತ್ಸವದ ಅಂಗವಾಗಿ ಪಾಂಡವಪುರದಲ್ಲಿ ನೆರೆದ ಭಕ್ತಸಭೆಯಲ್ಲಿ ನಡೆದ ಉಪನ್ಯಾಸ)

॥ ಶ್ರೀ ಗುರುಬಸವಲಿಂಗಾಯ ನಮಃ ॥



ದಾಸೋಹವೆಂಬ ಶಬ್ದವು ಈ ಸಭೆಯಲ್ಲಿ ಯಾರಿಗೂ ಹೊಸದಲ್ಲ. ಹಸಿದು ಬಂದವನ ಕುಲವನ್ನು ಕೇಳದೆ ಪಂಕ್ತಿಯಲ್ಲಿ ಸ್ಥಳ ಕೊಡುವುದು ಅದರ ಮೊದಲ ನಿಯಮ. ಕುಲವನ್ನು ಕೇಳದ ಪಂಕ್ತಿಯು ರೋಗವನ್ನು ಕೇಳಬಹುದೇ ಎಂಬ ಪ್ರಶ್ನೆಯು ಈ ಕಾಲದಲ್ಲಿ ಹುಟ್ಟಿದೆ. ಎಚ್.ಐ.ವಿ. ಎಂಬ ವೈರಾಣುವಿನ ಸೋಂಕಿನೊಡನೆ ಬಾಳುತ್ತಿರುವವರಿಗೆ ಊರಿನವರು ಮಾಡತಕ್ಕ ಆರೈಕೆಯೇ ಈ ಹೊತ್ತಿನ ವಿಚಾರವು.

೧೮೯೮ರಲ್ಲಿ ಮೈಸೂರು ಸೀಮೆಗೆ ಪ್ಲೇಗು ಬಂದಾಗ ಜನರು ಮನೆಗಳನ್ನು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇದ್ದರೆಂಬುದನ್ನು ಹಿರಿಯರು ಹೇಳುತ್ತಿದ್ದುದುಂಟು. ಇಲಿಯ ಮೈಮೇಲಿನ ಚಿಗಟದಿಂದ ಹರಡುವ ಆ ವ್ಯಾಧಿಗೆ ದೂರ ಸರಿಯುವುದೇ ವಿವೇಕವಾಗಿದ್ದಿತು. ೧೯೮೬ರಲ್ಲಿ ಮದರಾಸಿನಲ್ಲಿ ಭಾರತದ ಮೊದಲ ಎಚ್.ಐ.ವಿ. ಸೋಂಕುಗಳು ಪತ್ತೆಯಾದ ಮೇಲೆ, ಜನರು ಈ ಹೊಸ ವ್ಯಾಧಿಗೂ ಅದೇ ಹಳೆಯ ಭಯವನ್ನು ತಂದುಕೊಂಡರು. ಇದು ಸರಿಯಲ್ಲ. ಯಾತಕ್ಕೆಂದರೆ, ಈ ಸೋಂಕು ರಕ್ತದಿಂದಲೂ, ಒಬ್ಬರಿಗೆ ಬಳಸಿದ ಸೂಜಿಯಿಂದಲೂ, ಲೈಂಗಿಕ ಸಂಪರ್ಕದಿಂದಲೂ, ತಾಯಿಯಿಂದ ಶಿಶುವಿಗೂ ಬರತಕ್ಕದ್ದು. ಒಂದೇ ಪಂಕ್ತಿಯ ಊಟದಿಂದಾಗಲಿ, ಒಂದೇ ಕೊಡದ ನೀರಿನಿಂದಾಗಲಿ, ಕೈ ಹಿಡಿಯುವುದರಿಂದಾಗಲಿ, ಸೊಳ್ಳೆಯಿಂದಾಗಲಿ ಬರತಕ್ಕದ್ದಲ್ಲ.

೨೦೦೪ನೆಯ ಇಸವಿ ಏಪ್ರಿಲ್ ೧ರಿಂದ ಸರ್ಕಾರವು ಎ.ಆರ್.ಟಿ. ಎಂಬ ಔಷಧವನ್ನು ಉಚಿತವಾಗಿ ಕೊಡತೊಡಗಿತು. ಮೊದಲು ಆರಿಸಿದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ೨೦೧೭ರಿಂದ ದೇಹಬಲವು ಕುಗ್ಗುವವರೆಗೆ ಕಾಯದೆ, ಸೋಂಕು ತಿಳಿದೊಡನೆಯೇ ಸರ್ವರಿಗೂ ಔಷಧ ದೊರೆಯುತ್ತಿದೆ. ಇದು ವೈರಾಣುವನ್ನು ನಿರ್ಮೂಲಮಾಡದಿದ್ದರೂ ಅಡಗಿಸಿಡುವುದು. ನಿತ್ಯವೂ ತಪ್ಪದೆ ಸೇವಿಸಿ, ಪರೀಕ್ಷೆಯಲ್ಲಿ ವೈರಾಣು ಕಾಣದಷ್ಟು ಕುಗ್ಗಿ ಹಾಗೆಯೇ ಉಳಿದಲ್ಲಿ, ಲೈಂಗಿಕ ಸಂಪರ್ಕದಿಂದ ಪತಿಗಾಗಲಿ ಪತ್ನಿಗಾಗಲಿ ಸೋಂಕು ತಗಲದು. ಔಷಧವಿಲ್ಲದಿದ್ದರೆ ಸೋಂಕಿತ ತಾಯಂದಿರ ನೂರು ಶಿಶುಗಳಲ್ಲಿ ೧೫ರಿಂದ ೪೫ಕ್ಕೆ ತಗಲಬಹುದಾದ ಸೋಂಕನ್ನು, ಸರಿಯಾದ ಚಿಕಿತ್ಸೆಯಿಂದ ಐದಕ್ಕಿಂತಲೂ ಕಡಮೆ ಮಾಡಬಹುದು. ಔಷಧವನ್ನು ನಡುವೆ ಬಿಟ್ಟರೆ ಮಾತ್ರ ವೈರಾಣು ಮತ್ತೆ ಪ್ರಬಲಿಸಿ, ಕ್ಷಯವೇ ಮೊದಲಾದ ವ್ಯಾಧಿಗಳಿಗೆ ದಾರಿಯಾಗುವುದು.

ಹಾಗಾದರೆ ಜನರು ಬಿಡುವುದೇಕೆ? ಈ ಸೀಮೆಯ ಹಳ್ಳಿಯವನೊಬ್ಬನು ಔಷಧಕ್ಕಾಗಿ ಮಂಡ್ಯದ ವೈದ್ಯಕೀಯ ಸಂಸ್ಥೆಯ ಆಸ್ಪತ್ರೆಗೋ ಮೈಸೂರಿಗೋ ಹೋಗಬೇಕಾದಾಗ ಆ ದಿನದ ಕೂಲಿ ಹೋಗುವುದು, ಬಸ್ಸಿನ ಖರ್ಚು ಬೀಳುವುದು. ಗುರುತಿನವರು ಕಂಡಾರೆಂದು ಹತ್ತಿರದ ಕೇಂದ್ರವನ್ನು ಬಿಟ್ಟು ಇನ್ನೂ ದೂರ ಹೋಗುವವರುಂಟು. ಮದುವೆಮನೆಯಲ್ಲಿ ನೆಂಟರೆದುರಿಗೆ ಗುಳಿಗೆ ನುಂಗಲಂಜಿ ಬಿಟ್ಟವರುಂಟು. ಗಂಡನು ತೀರಿಕೊಂಡ ಮೇಲೆ ಅತ್ತೆಮನೆಯಿಂದ ಹೊರಬಿದ್ದು, ಜಮೀನಿನ ಪಾಲನ್ನೂ ಕಾಣದ ಹೆಣ್ಣುಮಕ್ಕಳುಂಟು. ಉಚಿತವಾದ ಔಷಧವಿದ್ದೂ ಇಂಥವರ ಪ್ರಾಣ ಹೋದರೆ, ಅದರಲ್ಲಿ ಊರಿನವರ ಪಾಲೂ ಇದೆಯೆಂದು ತಿಳಿಯತಕ್ಕದ್ದು.

ಕೆಲವರು ಇದನ್ನು ಸ್ವಯಂಕೃತ ಕರ್ಮಫಲವೆನ್ನುವರು. ಗಂಡನಿಂದ ಸೋಂಕು ಪಡೆದ ಸಾಧ್ವಿಯ ಅಪರಾಧವೇನು? ಹುಟ್ಟುವಾಗಲೇ ಪಡೆದ ಕೂಸಿನ ಅಪರಾಧವೇನು? ದೋಷವಿದ್ದವರೆಂದೇ ಇಟ್ಟುಕೊಂಡರೂ, ವೇಶ್ಯಾವೃತ್ತಿಯಿಂದ ಬಂದ ಸಂಕವ್ವೆಯು ವಚನಕಾರ್ತಿಯರ ಸಾಲಿನಲ್ಲಿ ನಿಂತಿರುವ ಪರಂಪರೆಯವರಿಗೆ ಆ ಮಾತು ಒಪ್ಪತಕ್ಕದ್ದಲ್ಲ. ಕರ್ಮಸಿದ್ಧಾಂತವು ತನ್ನ ನಡತೆಯನ್ನು ತಿದ್ದಿಕೊಳ್ಳುವುದಕ್ಕೆ ಇರುವುದೇ ಹೊರತು ಪರರನ್ನು ಪಂಕ್ತಿಯಿಂದ ಎಬ್ಬಿಸುವುದಕ್ಕಲ್ಲ.

ಸಮೀಪದ ಮೈಸೂರಿನಲ್ಲಿಯೇ ನಿದರ್ಶನಗಳಿವೆ. ೧೯೯೭ರಲ್ಲಿ ಸ್ಥಾಪಿತವಾದ ಆಶಾಕಿರಣ ಆಸ್ಪತ್ರೆಯು, ಉಚಿತ ಔಷಧವಿನ್ನೂ ಬಾರದ ದಿನಗಳಿಂದಲೂ ಈ ರೋಗಿಗಳಿಗೆ ಆಶ್ರಯವಾಯಿತು. ಲೈಂಗಿಕ ವೃತ್ತಿಯಲ್ಲಿದ್ದವರೇ ಕೂಡಿ ಕಟ್ಟಿಕೊಂಡ ಆಶೋದಯ ಸಮಿತಿಯು, ವಿಶ್ವಬ್ಯಾಂಕಿನ ನೆರವಿನಿಂದ ಭೋಜನಶಾಲೆಯೊಂದನ್ನು ತೆರೆದು, ಅದರ ಲಾಭವು ಸೋಂಕಿತರಾದ ತಮ್ಮವರ ಆರೈಕೆಗೆ ಸಲ್ಲುವಂತೆ ಯೋಜಿಸಿತು. ಲೋಕವು ಯಾರನ್ನು ಹೊರಗಿಟ್ಟಿತೋ ಅವರ ಕೈಯ ಅನ್ನವನ್ನೇ ಪುರಜನರು ಕುಳಿತು ಉಂಡರು. ಕಾಯಕದಿಂದ ಗಳಿಸಿ ದಾಸೋಹ ಮಾಡುವುದೆಂದರೆ ಇದಲ್ಲವೇ?

೨೦೧೮ರ ಸೆಪ್ಟೆಂಬರ್ ೧೦ರಿಂದ ಜಾರಿಯಲ್ಲಿರುವ ಕಾಯಿದೆಯು, ಸೋಂಕಿನ ಕಾರಣದಿಂದ ಶಾಲೆ, ಉದ್ಯೋಗ, ಬಾಡಿಗೆಮನೆ, ಚಿಕಿತ್ಸೆಗಳನ್ನು ಅನ್ಯಾಯವಾಗಿ ನಿರಾಕರಿಸುವುದನ್ನು ನಿಷೇಧಿಸಿದೆ. ಆದರೆ ಕಾಯಿದೆಯು ಮನೆಯ ಅಡಿಗೆಮನೆಯವರೆಗೆ ಬರಲಾರದು. ಅಲ್ಲಿ ಭಕ್ತರ ಕರ್ತವ್ಯವಿದೆ.

ಮೊದಲನೆಯದಾಗಿ, ಒಬ್ಬರ ಸೋಂಕಿನ ಸಂಗತಿ ತಿಳಿದರೆ ಅದನ್ನು ಇನ್ನೊಬ್ಬರಿಗೆ ಹೇಳಕೂಡದು. ಎರಡನೆಯದಾಗಿ, ಔಷಧಕ್ಕೆ ಹೋಗುವವರಿಗೆ ಜೊತೆಯಾಗಬೇಕು. ಬಸ್ಸಿನ ಖರ್ಚಿಗೂ, ಮನೆಯಲ್ಲಿ ರಾಗಿ, ಬೇಳೆ, ಸೊಪ್ಪು, ಹಾಲುಗಳಿಗೂ ಕೊರತೆಯಾಗದಂತೆ ನೋಡಬೇಕು. ಮೂರನೆಯದಾಗಿ, ಗರ್ಭಿಣಿಯರನ್ನು ಸರ್ಕಾರಿ ಆಸ್ಪತ್ರೆಯ ಉಚಿತ ರಕ್ತಪರೀಕ್ಷೆಗೆ ಮೊದಲ ತಿಂಗಳುಗಳಲ್ಲಿಯೇ ಕರೆದೊಯ್ಯಬೇಕು. ಸಂಶಯವಿದ್ದವರು ೧೦೯೭ ಎಂಬ ಉಚಿತ ದೂರವಾಣಿಯಲ್ಲಿ ಹೆಸರು ಹೇಳದೆಯೇ ವಿಚಾರಿಸಬಹುದು. ನಾಲ್ಕನೆಯದಾಗಿ, ಪ್ರಸಾದನಿಲಯಗಳನ್ನು ನಡೆಸುವವರು ತಂದೆತಾಯಿಗಳ ಅಥವಾ ಮಗುವಿನ ಸೋಂಕನ್ನು ನೆಪಮಾಡಿ ಯಾವ ವಿದ್ಯಾರ್ಥಿಯನ್ನೂ ಹಿಂದಕ್ಕೆ ಕಳುಹಿಸಕೂಡದು. ಬೇರೆ ತಟ್ಟೆ, ಬೇರೆ ಮೂಲೆಗಳನ್ನೂ ಗೊತ್ತುಮಾಡಕೂಡದು.

ಇವು ಹಣವುಳ್ಳವರಿಗೆ ಮಾತ್ರ ಸಾಧ್ಯವಾದ ಕಾರ್ಯಗಳಲ್ಲ. ಮಹೋತ್ಸವದ ಈ ಪುಣ್ಯಕಾಲದಲ್ಲಿ ಪ್ರಸಾದಕ್ಕೆ ಕುಳಿತಾಗ ಪಕ್ಕದವರು ಯಾರೆಂದು ವಿಚಾರಿಸದೆ ಸರಿದು ಸ್ಥಳ ಕೊಡುವುದರಿಂದಲೇ ಈ ಸೇವೆಯು ಆರಂಭವಾಗಲಿ.

ಸರ್ವರಿಗೂ ಮಂಗಳವಾಗಲಿ.