ಕರೆಂಟು ಕೊಡುವ ಮುನ್ನ ಹೇಳಬೇಕಾದ ಮಾತು
(ನಮ್ಮ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಪರೇಲಿನಲ್ಲಿ 1941ರಲ್ಲಿ ಟಾಟಾ ಆಸ್ಪತ್ರೆ ತೆರೆದಂದಿನಿಂದ ಊರ ಕಡೆಯ ರೋಗಿಗಳು ಮುಂಬಯಿಗೆ ಬರುತ್ತಲೇ ಇದ್ದಾರೆ. ಅವರಲ್ಲಿ ಎಷ್ಟೋ ಮಂದಿ ಇಳಿದುಕೊಳ್ಳುವುದು ನಮ್ಮ ಖೋಲಿಗಳಲ್ಲಿ. ಸಂಗಡ ಹೋಗಿ, ವೈದ್ಯರ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿ, ಉತ್ತರವನ್ನು ಹಿಂದಿಯಲ್ಲಿ ಹೇಳುವವರೂ ನಾವೇ. ಆದಕಾರಣ ಈ ವಿಷಯ ನಮಗೆ ತಿಳಿದಿರಬೇಕು.

ಕ್ಯಾನ್ಸರಿನ ಕಿರಣ ಚಿಕಿತ್ಸೆಗೆ ನಮ್ಮ ಜನ ‘ಕರೆಂಟು ಕೊಡುವುದು’ ಎನ್ನುತ್ತಾರೆ. ಆ ಕಿರಣವು ಜೀವಕೋಶದೊಳಗಿನ ಡಿ.ಎನ್.ಎ. ಎಂಬ ವಂಶತಂತುವನ್ನು ತುಂಡರಿಸುತ್ತದೆ. ಪಕ್ಕದ ಒಳ್ಳೆಯ ಕೋಶಗಳಿಗೂ ಪೆಟ್ಟು ಬೀಳುತ್ತದೆ. ಆದರೆ ಅವು ತಾವೇ ರಿಪೇರಿ ಮಾಡಿಕೊಳ್ಳುತ್ತವೆ. ಅದಕ್ಕೆ ಬಿಡುವು ಸಿಗಲೆಂದೇ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ ಹಲವು ವಾರ ಹಂಚಿ ಕೊಡುತ್ತಾರೆ.

ಹುಟ್ಟಿನಿಂದಲೇ ಈ ರಿಪೇರಿಯಲ್ಲಿ ಕೊರತೆಯಿದ್ದರೆ? ಕ್ಸೆರೋಡರ್ಮಾ ಪಿಗ್ಮೆಂಟೋಸಮ್ ಎಂಬ ವಿರಳ ರೋಗದಲ್ಲಿ ಬಿಸಿಲು ತಾಗಿದಲ್ಲೆಲ್ಲ ಎಳೆಮಗುವಿನ ಚರ್ಮದ ಮೇಲೆ ಕಪ್ಪು ಚುಕ್ಕೆಗಳೇಳುತ್ತವೆ. ಬಾಲ್ಯದಲ್ಲೇ ಚರ್ಮದ ಕ್ಯಾನ್ಸರು ಬರಬಹುದು. ಬಿಸಿಲಿನ ಪೆಟ್ಟನ್ನು ಸರಿಪಡಿಸುವ ಶಕ್ತಿ ಇವರಲ್ಲಿ ಕುಂದಿದೆಯೆಂದು ಜೇಮ್ಸ್ ಕ್ಲೀವರ್ 1968ರಲ್ಲಿ ತೋರಿಸಿದರು. ತಂದೆತಾಯಿ ಇಬ್ಬರಿಂದಲೂ ದೋಷ ಬಂದರೆ ಈ ರೋಗ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ಮನೆಗಳಲ್ಲಿ ಸಂಭವ ಹೆಚ್ಚು.

ಬಿಸಿಲೇ ಆಗದವರಿಗೆ ಕರೆಂಟು ಆದೀತೇ ಎಂದು ಹೆದರಿ ಚಿಕಿತ್ಸೆ ಬಿಡಬಾರದು. ಕಿರಣದ ಪೆಟ್ಟು ಬೇರೆ, ಅದರ ರಿಪೇರಿಯ ದಾರಿಯೂ ಬೇರೆ. ಇವರಲ್ಲಿ ಹೆಚ್ಚಿನವರು ಇತರರಂತೆಯೇ ತಾಳಿಕೊಳ್ಳುತ್ತಾರೆ. ಅಪರೂಪಕ್ಕೆ ತಾಳದವರೂ ಉಂಟು. ಆದ್ದರಿಂದ ವೈದ್ಯರು ಎಚ್ಚರದಿಂದ ನೋಡಿಕೊಳ್ಳುತ್ತಾರೆ.

1960ರಲ್ಲಿ ಗೋರ್ಲಿನ್ ಮತ್ತು ಗೋಲ್ಟ್ಸ್ ವಿವರಿಸಿದ ರೋಗದ ರೀತಿ ಇದಕ್ಕೆ ವಿರುದ್ಧ. ಅಂಗೈ ಅಂಗಾಲುಗಳಲ್ಲಿ ಸೂಜಿ ಚುಚ್ಚಿದಂಥ ಸಣ್ಣ ಕುಳಿಗಳು, ದವಡೆಯ ಎಲುಬಿನಲ್ಲಿ ದ್ರವ ತುಂಬಿದ ಚೀಲಗಳು, ಚಿಕ್ಕ ವಯಸ್ಸಿನಿಂದಲೇ ಚರ್ಮದ ಕ್ಯಾನ್ಸರು ಇದರ ಗುರುತುಗಳು. ಕೆಲವು ಮಕ್ಕಳಿಗೆ ಮಿದುಳಿನಲ್ಲಿ ಗಡ್ಡೆಯಾಗುತ್ತದೆ. ಅಂಥ ಮಗುವಿಗೆ ಕರೆಂಟು ಕೊಟ್ಟರೆ ಕಿರಣ ಬಿದ್ದಲ್ಲೇ ಕೆಲವು ವರ್ಷಗಳಲ್ಲಿ ಚರ್ಮದ ಕ್ಯಾನ್ಸರುಗಳು ಗುಂಪುಗುಂಪಾಗಿ ಏಳಬಹುದು. ಆದ್ದರಿಂದ ಸಾಧ್ಯವಾದಷ್ಟೂ ಕಿರಣವನ್ನು ಬಿಟ್ಟು, ಶಸ್ತ್ರಕ್ರಿಯೆಯೇ ಮೊದಲಾದ ಬೇರೆ ದಾರಿ ನೋಡುತ್ತಾರೆ. ತಂದೆ ಅಥವಾ ತಾಯಿಗೆ ಈ ರೋಗವಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ.

ನೋಡಿ, ಒಂದು ರೋಗದಲ್ಲಿ ಹೆದರಿ ಬಿಟ್ಟರೆ ಕೇಡು. ಇನ್ನೊಂದರಲ್ಲಿ ತಿಳಿಯದೆ ಕೊಟ್ಟರೆ ಕೇಡು. ನಿರ್ಣಯ ವೈದ್ಯರದು. ಆದರೆ ಮನೆತನದ ಸಂಗತಿಯನ್ನು ನಾವು ಹೇಳದೆ ಅವರಿಗೆ ಹೇಗೆ ತಿಳಿಯಬೇಕು? ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತೆಂದು ಇಂಥದನ್ನು ಮುಚ್ಚಿಡುವ ರೂಢಿ ನಮ್ಮಲ್ಲುಂಟು. ಬೀಗರ ಮುಂದೆ ಏನಾದರೂ ಇರಲಿ, ವೈದ್ಯರ ಮುಂದೆ ಅದು ಬೇಡ. ಅವರು ಕೇಳದಿದ್ದರೂ ನೀವಾಗಿ ಹೇಳಿರಿ, ರೋಗಿಯಿಂದಲೂ ಹೇಳಿಸಿರಿ.