ದಡಾರವೂ ದೇಹದ ನೆನಪೂ
(ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ದಡಾರ ಒಮ್ಮೆ ಬಂದರೆ ಮತ್ತೆ ಬಾರದು ಎಂಬುದು ಹಿರಿಯರ ಮಾತು. ಈ ಮಾತಿನಲ್ಲಿ ಸತ್ಯವುಂಟು. ಆದರೆ "ಹಾಗಾದರೆ ಮಗುವಿಗೆ ಒಮ್ಮೆ ಬಂದುಹೋಗಲಿ, ಲಸಿಕೆಯ ಗೊಡವೆಯೇಕೆ?" ಎಂದು ಕೆಲವರು ಮಾಡುವ ನಿರ್ಣಯವು ಸರಿಯೇ ಎಂಬುದನ್ನು ನಾವಿಂದು ವಿಚಾರಿಸೋಣ.

ಅಟ್ಲಾಂಟಿಕ್ ಮಹಾಸಾಗರದ ಉತ್ತರಭಾಗದಲ್ಲಿ ಡೆನ್ಮಾರ್ಕಿಗೆ ಸೇರಿದ ಫೇರೋ ದ್ವೀಪಗಳಿವೆ. 1781ರಲ್ಲಿ ಅಲ್ಲಿ ದಡಾರ ಹಬ್ಬಿತ್ತು. ಅನಂತರ 65 ವರ್ಷಗಳ ಕಾಲ ಅದರ ಸುಳಿವೇ ಇರಲಿಲ್ಲ. 1846ರಲ್ಲಿ ಸಮುದ್ರಮಾರ್ಗವಾಗಿ ಅದು ಮರಳಿ ಬಂದಿತು. ಸುಮಾರು 7,800 ನಿವಾಸಿಗಳಲ್ಲಿ 6,000ಕ್ಕೂ ಮಿಕ್ಕಿ ಜನರು ಹಾಸಿಗೆ ಹಿಡಿದರು. ಸರಕಾರವು ಪೀಟರ್ ಲುಡ್ವಿಗ್ ಪಾನುಮ್ ಎಂಬ ತರುಣ ವೈದ್ಯನನ್ನು ಅಲ್ಲಿಗೆ ಕಳುಹಿಸಿತು. ಹಳ್ಳಿಹಳ್ಳಿಗಳಲ್ಲಿ ವಿಚಾರಿಸಿದ ಆತನಿಗೆ ಒಂದು ಸಂಗತಿ ಸ್ಪಷ್ಟವಾಯಿತು. 1781ರಲ್ಲಿ ದಡಾರದಿಂದ ನರಳಿದ್ದ ವೃದ್ಧರಲ್ಲಿ ಒಬ್ಬರಿಗೂ ಅದು ಎರಡನೆಯ ಸಲ ತಗಲಿರಲಿಲ್ಲ. ಅಂದು ತಪ್ಪಿಸಿಕೊಂಡಿದ್ದ ವೃದ್ಧರಿಗೆ ಈಗ ತಗಲಿತ್ತು. ರೋಗದ ಮುಖವನ್ನೇ ಕಾಣದ 65 ವರ್ಷಗಳಲ್ಲಿಯೂ ದೇಹವು ಅದನ್ನು ಮರೆತಿರಲಿಲ್ಲ.

ಈ ನೆನಪು ಎಲ್ಲಿರುತ್ತದೆ? ನಮ್ಮ ರಕ್ತದ ಬಿಳಿಯ ಕಣಗಳಲ್ಲಿ ಕೆಲವು, ಒಮ್ಮೆ ಎದುರಿಸಿದ ವೈರಿಯ ಗುರುತನ್ನು ಹಿಡಿದಿಟ್ಟುಕೊಳ್ಳುತ್ತವೆ. ಅವುಗಳ ಸಂತತಿಯ ಕೆಲವು ಕಣಗಳು ಅಸ್ಥಿಮಜ್ಜೆಯಲ್ಲಿ ನೆಲೆಸಿ, ಆ ವೈರಿಗೆ ತಕ್ಕ ಪ್ರತಿಕಾಯಗಳನ್ನು ವರ್ಷಾನುವರ್ಷ ತಯಾರಿಸುತ್ತಿರುತ್ತವೆ.

ಆದರೆ ದಡಾರದ ವೈರಾಣುವು ಆಕ್ರಮಿಸುವುದು ಈ ನೆನಪಿನ ಕಣಗಳನ್ನೇ! ತನ್ನ ಗುರುತನ್ನು ಉಳಿಸಿ, ಇತರ ರೋಗಗಳ ಗುರುತನ್ನು ಅದು ಅಳಿಸಿಹಾಕುತ್ತದೆ. ನೆದರ್ಲೆಂಡ್ಸಿನಲ್ಲಿ ಲಸಿಕೆ ಪಡೆಯದ 77 ಮಕ್ಕಳ ರಕ್ತವನ್ನು, ದಡಾರ ಬರುವ ಮುಂಚೆಯೂ ಬಂದ ಬಳಿಕವೂ ಪರೀಕ್ಷಿಸಿದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಅದರಂತೆ, ಇತರ ರೋಗಗಳ ವಿರುದ್ಧ ಅವರಲ್ಲಿದ್ದ ಪ್ರತಿಕಾಯಗಳಲ್ಲಿ ನೂರಕ್ಕೆ 11ರಿಂದ 73ರವರೆಗೆ ನಷ್ಟವಾಗಿದ್ದವು. ಲಸಿಕೆ ಪಡೆದ ಮಕ್ಕಳಲ್ಲಿ ಇಂತಹ ನಷ್ಟ ಕಾಣಲಿಲ್ಲ. ಮೈಮೇಲಿನ ಗುಳ್ಳೆಗಳು ಕೆಲವೇ ದಿನಗಳಲ್ಲಿ ಮಾಯವಾದರೂ, ಮಗುವು ಬಹುಕಾಲ ನ್ಯುಮೋನಿಯಾ, ಭೇದಿ ಮೊದಲಾದವುಗಳಿಗೆ ಸುಲಭವಾಗಿ ತುತ್ತಾಗುವುದು ಇದರಿಂದಲೇ. ಅಪರೂಪವಾಗಿ, ಏಳೆಂಟು ವರ್ಷಗಳ ಮೇಲೆ ಮಿದುಳಿಗೇ ಮಾರಕ ವ್ಯಾಧಿ ತಗಲುವುದೂ ಉಂಟು.

ಲಸಿಕೆಯಲ್ಲಿರುವುದೂ ದಡಾರದ ವೈರಾಣುವೇ, ಆದರೆ ಶಕ್ತಿಗುಂದಿಸಿದ್ದು. 1954ರಲ್ಲಿ ಜಾನ್ ಎಂಡರ್ಸ್ ಮತ್ತು ಥಾಮಸ್ ಪೀಬಲ್ಸ್ ಎಂಬವರು ಈ ವೈರಾಣುವನ್ನು ಪ್ರತ್ಯೇಕಿಸಿದರು. 1963ರಲ್ಲಿ ಅಮೆರಿಕದಲ್ಲಿ ಲಸಿಕೆಗೆ ಅನುಮತಿ ದೊರೆಯಿತು. ಪಾಠವನ್ನು ಕಲಿಸಿ, ಅದಕ್ಕೆ ತೆರಬೇಕಾದ ಘೋರ ಶುಲ್ಕವನ್ನು ತಪ್ಪಿಸುವುದೇ ಲಸಿಕೆಯ ಹಿರಿಮೆ.

ಎಲ್ಲ ಲಸಿಕೆಗಳ ನೆನಪೂ ಒಂದೇ ಸಮನಾಗಿ ಬಾಳುವುದಿಲ್ಲ. ಧನುರ್ವಾಯುವಿನ ಲಸಿಕೆಯನ್ನು 10 ಮತ್ತು 16ನೆಯ ವಯಸ್ಸಿನಲ್ಲಿ ಮರಳಿ ಹಾಕಿಸಬೇಕು. ದಡಾರದ ಲಸಿಕೆಯನ್ನಾದರೋ ನಮ್ಮ ದೇಶದಲ್ಲಿ 9 ತಿಂಗಳು ತುಂಬಿದಾಗ ಒಮ್ಮೆ, 16ರಿಂದ 24 ತಿಂಗಳೊಳಗೆ ಮತ್ತೊಮ್ಮೆ ಹಾಕುತ್ತಾರೆ. ಮೊದಲನೆಯದು ಫಲಿಸದ ಮಕ್ಕಳಿಗೆ ಎರಡನೆಯದು ರಕ್ಷೆ.

ತಾಯಂದಿರೇ, ತಂದೆಯರೇ, ಇಂದು ಮನೆಗೆ ಹೋದೊಡನೆ ಲಸಿಕೆಯ ಕಾರ್ಡನ್ನು ತೆಗೆದು ನೋಡಿರಿ. ಗಡಿನಾಡಿನವರಾದ ನಮ್ಮಲ್ಲಿ ಕೆಲವರಿಗೆ ಅದರ ಲಿಪಿ ಓದಲು ಬಾರದಿರಬಹುದು. ರಾಜ್ಯಭಾಷೆಯನ್ನೂ ಕಲಿಯುತ್ತಿರುವ ಮಕ್ಕಳಿಂದ ಓದಿಸಿರಿ. ಎರಡರಲ್ಲಿ ಒಂದು ಬಿಟ್ಟುಹೋಗಿದ್ದರೆ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿರಿ. ವಿದ್ಯಾರ್ಥಿಗಳೇ, ನಿಮ್ಮ ಪುಟ್ಟ ತಮ್ಮತಂಗಿಯರ ಕಾರ್ಡನ್ನು ಓದಿಹೇಳುವ ಹೊಣೆ ನಿಮ್ಮದು. ನೀವು ಕಲಿತ ಅಕ್ಷರಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗವಿಲ್ಲವೆಂದು ಹೇಳಿ, ನಮ್ಮ ಮಾತನ್ನು ಮುಗಿಸುತ್ತೇವೆ.