ಹಿಮಾಲಯದಡಿಯ ಬಿಗಿತ

ಭಾರತದ ಭೂಫಲಕವು ಯುರೇಷಿಯಾದ ಫಲಕಕ್ಕೆ ಢಿಕ್ಕಿಯಾಗಿ ಸುಮಾರು 5 ಕೋಟಿ ವರ್ಷಗಳಾದವು. ಸಾಗರತಳದ ಭಾರವಾದ ಫಲಕವಾಗಿದ್ದರೆ ಆಳಕ್ಕೆ ಮುಳುಗುತ್ತಿತ್ತು. ಇಲ್ಲಿ ಎರಡೂ ಕಡೆ ಖಂಡದ ಹಗುರ ಶಿಲೆ. ಆದುದರಿಂದ ನೆಲವೇ ಮಡಿಚಿ ಹಿಮಾಲಯವಾಯಿತು.

ನೂಕಾಟ ಇನ್ನೂ ನಿಂತಿಲ್ಲ. ಹಿಮಾಲಯ ತಾಳಿಕೊಳ್ಳುವ ಪಾಲು ವರ್ಷಕ್ಕೆ ಸುಮಾರು 2 ಸೆಂಟಿಮೀಟರ್. ಉಗುರು ಬೆಳೆಯುವಷ್ಟೂ ಅಲ್ಲ! ಆದರೆ ಪರ್ವತದಡಿಯ ಸ್ತರಭಂಗವು ಕಚ್ಚಿಕೊಂಡಿರುವುದರಿಂದ ಆ ಚಲನೆಯು ಬಂಡೆಗಳಲ್ಲಿ ಬಿಗಿತವಾಗಿ ಶೇಖರಗೊಳ್ಳುತ್ತದೆ. 2015ರ ಏಪ್ರಿಲ್ 25ರಂದು ನೇಪಾಳದ ಗೋರ್ಖಾದಲ್ಲಿ ಅದು ಸಡಿಲಿತು. 7.8 ಪ್ರಮಾಣದ ಕಂಪನಕ್ಕೆ ಸುಮಾರು 9 ಸಾವಿರ ಜನ ಬಲಿಯಾದರು. ಲಾಂಗ್‌ಟಾಂಗ್ ಗ್ರಾಮವು ಕುಸಿದ ಹಿಮ, ಬಂಡೆಗಳಡಿ ಹೂತುಹೋಯಿತು. ಆದರೂ ಬಿಗಿತ ಪೂರ್ತಿ ತೀರಲಿಲ್ಲ. ಪಶ್ಚಿಮ ನೇಪಾಳದಲ್ಲಿ 1505ರ ಬಳಿಕ ಮಹಾಕಂಪನವಾಗಿಲ್ಲ. ಅಲ್ಲಿನ ಇಳಿಜಾರುಗಳನ್ನೇ ಯಂತ್ರಗಳು ರಸ್ತೆಗಾಗಿ ಕಡಿಯುತ್ತಿವೆ.